ರಮೀರೊನ ಕಾಲ್ಗುಣ

ಎಂಬತ್ತೆಂಟನೇ ನಿಮಿಷದಲ್ಲಿ ಮೊಲಿನೊ ತಂಡ ಗೋಲು ಹೊಡೆದಾಗ, ಆ ತಂಡಕ್ಕಾಗಿ ಪ್ರಾಣ ಬಿಡುವ ರಮೀರೊ ಶತ್ರುಗಳ ನಡುವೆ, ಶತ್ರುಗಳ ಕೆಂಪು ಅಂಗಿ ತೊಟ್ಟು ನಿಂತಿದ್ದ. ಗಂಟಲಿಗೆ ಬಂದ ಕೂಗನ್ನು ಹಾಗೇ ನುಂಗಿದ. ನುಂಗಿದ್ದು ಒಳಗೆ ನಿಲ್ಲಲಿಲ್ಲ. ಕಣ್ಣಿಂದ ದಳದಳ ಇಳಿಯಿತು.

ಎದುರಾಳಿ ಎಸ್ತ್ರೇಯಾ ತಂಡದ ಈ ಮೈದಾನಕ್ಕೆ ಮೊಲಿನೊ ಕಡೆಯವರು ಕಾಲಿಡುವಂತಿಲ್ಲ. ಇಟ್ಟದ್ದು ಗೊತ್ತಾದರೆ ಇಟ್ಟ ಕಾಲನ್ನೇ ಮುರಿದು ಕಳಿಸುತ್ತಾರೆ. ಅವನ ಗೆಳೆಯರೆಲ್ಲ ಬೆತೊನ ಬಾರಿನಲ್ಲಿ ಟಿವಿ ಮುಂದಿದ್ದರು. ಮೊಲಿನೊಗೆ ಹನ್ನೊಂದು ಪಂದ್ಯಗಳಿಂದ ಗೆಲುವಿಲ್ಲ. ಇದು ಈ ವರ್ಷದ ಕೊನೆಯದು, ಗೆಲ್ಲದಿದ್ದರೆ ಕೆಳಗಿನ ದರ್ಜೆಗೆ ಬೀಳಬೇಕು. ಕೋಚ್‌ನನ್ನು ಬದಲಿಸಿ ನೋಡಿದ್ದರು, ಗೋಲ್‌ಕೀಪರನನ್ನು ಬದಲಿಸಿ ನೋಡಿದ್ದರು. ಬದಲಿಸಲು ಉಳಿದಿದ್ದವನು ರಮೀರೊ ಒಬ್ಬನೇ.

"ನೀನು ಜ್ವರ ಬಂದು ಮಲಗಿದ್ದ ವಾರ ಗೆದ್ವಿ," ಎಂದಿದ್ದ ಬೆತೊ, ಬಾರಿನ ಬಾಗಿಲಿಗೆ ಅಡ್ಡ ನಿಂತು. "ಎದ್ದು ಬಂದೆ ನೋಡು, ಅವತ್ತಿಂದ ಒಂದೂ ಇಲ್ಲ. ನಿನ್ನ ಕಾಲ್ಗುಣ ಸರಿಯಿಲ್ಲ ಕಣೋ. ಮನೇಲಿರು. ರೇಡಿಯೋನೂ ಹಾಕ್ಬೇಡ."

"ಹನ್ನೊಂದ್ರಲ್ಲಿ ಮೂರು ಡ್ರಾ ಆಗಿದೆ."

"ಆ ಮೂರು ಸಲ ನೀನು ತಡವಾಗಿ ಬಂದಿದ್ದೆ."

ಆ ಉರಿಗೇ ಅವನು ಎಸ್ತ್ರೇಯಾ ಕಡೆಯ ಭಾವನ ಕೆಂಪು ಅಂಗಿ ಹಾರಿಸಿಕೊಂಡು, ಎರಡು ಬಸ್ಸು ಬದಲಿಸಿ ಇಲ್ಲಿಗೆ ಬಂದದ್ದು. ತಾನು ಕಣ್ಣಾರೆ ನೋಡುತ್ತಿರುವಾಗಲೇ ಮೊಲಿನೊ ಗೆಲ್ಲಬೇಕು, ಬೆತೊನ ಬಾಯಿಗೆ ಬೀಗ ಬೀಳಬೇಕು. ಗೆಲ್ಲದಿದ್ದರೆ ಏನು ಗತಿ ಎಂದು ಯೋಚಿಸಿರಲಿಲ್ಲ. ಯೋಚಿಸುವ ಅಭ್ಯಾಸ ಇದ್ದಿದ್ದರೆ ಅವನು ಹುಟ್ಟಿದಾಗಿನಿಂದ ಮೊಲಿನೊ ಕಡೆ ಇರುತ್ತಿರಲಿಲ್ಲ. ಯಾರಿಗೂ ಅನುಮಾನ ಬಾರದಿರಲೆಂದು ಎಲ್ಲರಿಗಿಂತ ಜೋರಾಗಿ ಎಸ್ತ್ರೇಯಾಗೆ ಜೈ ಅಂದಿದ್ದ. ತನ್ನದೇ ತಂಡದ ಹುಡುಗರನ್ನು ಹೆಸರು ಹಿಡಿದು, ಅವರ ಅಮ್ಮಂದಿರನ್ನೂ ಸೇರಿಸಿ ಬೈದಿದ್ದ. ನಾಚಿಕೆಗೇಡೆಂದರೆ ಅದಕ್ಕೇನೂ ತಯಾರಿ ಬೇಕಾಗಿರಲಿಲ್ಲ. ಪ್ರತಿ ಭಾನುವಾರ ತಮ್ಮ ಮೈದಾನದಲ್ಲೂ ಅವನು ಬೈಯುತ್ತಿದ್ದುದು ಅದನ್ನೇ.

"ಅಳು ಮಗಾ, ಅತ್ಬಿಡು," ಎಂದು ಪಕ್ಕದ ಮುದುಕ ಅವನ ಹೆಗಲು ಬಳಸಿದ. ದೊನ್ ಆನ್ಸೆಲ್ಮೊ ಅಂತೆ ಹೆಸರು. ಆಟ ಶುರುವಾದಾಗಿನಿಂದ ತಾನು ಹೀರಿದ ಕೊಳವೆಯಲ್ಲೇ ಇವನಿಗೂ ಬಿಸಿ ಯೆರ್ಬಾ ಕಷಾಯ ಹೀರಲು ಕೊಡುತ್ತಿದ್ದ.

ಕೊನೆಯ ಸೀಟಿ ಮೊಳಗಿತು. ಮೊಲಿನೊ ಉಳಿಯಿತು. ತಾನಿದ್ದೂ ಉಳಿಯಿತು. ರಮೀರೊ ಮುದುಕನ ಹೆಗಲಲ್ಲಿ ಮುಖ ಹುದುಗಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಂದಿನಿಂದ ನೋಡಿದವರಿಗೆ ಮನೆಯಲ್ಲಿ ಸಾವಾದವನ ಹಾಗೆ ಕಾಣುತ್ತಿದ್ದ. ಯಾರೋ ಕುಡಿಯಲು ನೀರು ಕೊಟ್ಟರು.

"ಐವತ್ತು ವರ್ಷದಿಂದ ಬರ್ತಿದೀನಿ," ಎಂದ ಮುದುಕ, ಅವನ ಬೆನ್ನು ಸವರುತ್ತ. "ಇಂಥ ಅಳು ನೋಡಿರ್ಲಿಲ್ಲ. ಇಲ್ಲಿ ಆ ಮೊಲಿನೊ ಕೈಲಿ ಸೋತಿದ್ದೂ ನೋಡಿರ್ಲಿಲ್ಲ. ಅಲ್ಲಾ, ನಿನ್ನ ಮುಖಾನೂ ನೋಡಿಲ್ವಲ್ಲ. ಯಾವ ಕಡೆ ಕೂರ್ತಿದ್ದೆ ನೀನು?"

"ಇವತ್ತೇ ಮೊದಲನೇ ಸಲ ತಾತಾ," ಎಂದುಬಿಟ್ಟ ರಮೀರೊ. ಖುಷಿಯಲ್ಲಿ ನಾಲಿಗೆಗೆ ಮೂಳೆ ಇರುವುದಿಲ್ಲ.

ಬೆನ್ನು ಸವರುತ್ತಿದ್ದ ಕೈ ನಿಂತಿತು. ಬಿಸಿ ಪಾತ್ರೆಯಿಂದ ತೆಗೆಯುವಂತೆ ಮುದುಕ ಅದನ್ನು ಥಟ್ಟನೆ ತೆಗೆದ. ಆ ಕೈ ಮುದುಕನ ಪ್ಯಾಂಟಿನ ಎಡಜೇಬಿಗಿಳಿದು, ಅನಿಷ್ಟ ಎದುರಾದಾಗ ಅದು ತಟ್ಟದಿರಲೆಂದು ಆ ಊರಿನ ನಂಬಿಕೆಯಂತೆ ಗಂಡಸಾದವನು ತೊಡೆಸಂದಿಯಲ್ಲಿ ಹಿಡಿದುಕೊಳ್ಳಬೇಕಾದ್ದನ್ನು ಭದ್ರವಾಗಿ ಹಿಡಿದುಕೊಂಡಿತು.

ರಮೀರೊಗೆ ಅರ್ಥವಾಯಿತು. ಬೆತೊ ಅಂದಾಗ ಸಿಟ್ಟು ಬಂದಿತ್ತು. ಈಗ, ಹಾಳಾಗಿ ಹೋಗಲೆಂದು ತಾನು ಜೀವಮಾನವಿಡೀ ಶಪಿಸಿದ್ದ ಜನವೂ ತನ್ನನ್ನು ಬೇಡವೆನ್ನುತ್ತಾರೆಂದು ತಿಳಿದು ನಿಜಕ್ಕೂ ಸಂಕಟವಾಯಿತು.

"ಮುಂದಿನ ವರ್ಷಾನೂ ಬರ್ತೀನಿ ತಾತಾ," ಎಂದ, ಯಾಕೆ ಅಂದೆನೆಂದು ತನಗೇ ತಿಳಿಯದೆ.

ಮುದುಕ ಜೇಬಿನಿಂದ ಕೈ ತೆಗೆಯಲಿಲ್ಲ. "ನಿನ್ನ ಪ್ರೀತಿ ದೊಡ್ಡದು ಮಗಾ, ಇಲ್ಲ ಅನ್ನಲ್ಲ," ಎಂದ. "ಆದ್ರೆ ಸ್ವಲ್ಪ ದೂರದಿಂದ ಪ್ರೀತಿಸು."