ತಾರಸಿಯ ಮೇಲಿನ ಡೇರೆ

ತೊಳೆದ ಡೇರೆಯನ್ನು ತಾರಸಿಯಲ್ಲಿ ಕಟ್ಟಿ ದರ್ಜಿಯಮ್ಮ ತಿರುಗುವಷ್ಟರಲ್ಲಿ ನಾಯಿ ಅದರೊಳಗೆ ಹೋಗಿ ಮಲಗಿಬಿಟ್ಟಿತ್ತು. ಅದನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಅತ್ತಿಗೆ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದಳು. ನಾಯಿ ದರ್ಜಿಯಮ್ಮನ ತೀರಿಹೋದ ಅಣ್ಣನದು. ಅವನು ಹೋಗಬೇಕೆಂದು ಆಸೆಪಟ್ಟಿದ್ದ ದಾರಿಯಲ್ಲೆಲ್ಲ ದರ್ಜಿಯಮ್ಮ ಅದನ್ನು ಕಾರಿನಲ್ಲಿ ತಿಂಗಳುಗಟ್ಟಲೆ ಸುತ್ತಾಡಿಸಿ ತಂದಿದ್ದಳು.

"ಮೊದಮೊದಲು ಇದು ಮಲಗ್ತಾನೇ ಇರಲಿಲ್ಲ ಅತ್ತಿಗೆ. ಡೇರೆ ಬಾಗಿಲಲ್ಲಿ ಕೂತು ಅಣ್ಣನ ದಾರಿ ಕಾಯ್ತಿತ್ತು. ಕೊನೆಗೆ ಒಂದು ಕೆರೆ ದಂಡೇಲಿ, ನೀರಿನ ಸದ್ದು ಕೇಳ್ತಾ ಕೇಳ್ತಾ ನನ್ನ ಕಾಲಿಗೆ ಒರಗಿಕೊಳ್ತು ನೋಡಿ."

ಗಂಡ ಹೋದಂದಿನಿಂದ ಕಣ್ಣಿಗೆ ನಿದ್ದೆ ಹತ್ತದ ಅತ್ತಿಗೆ ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಹೋದಳು. ನೀಲಿ ಬಟ್ಟೆಯ ಮೇಲೆ ಮೋಡಗಳ ನೆರಳು ಮೆಲ್ಲಗೆ ತೇಲುತ್ತಿತ್ತು. "ಸ್ವಲ್ಪ ಜರುಗೋ ಮಾರಾಯ," ಎಂದಳು.

ದರ್ಜಿಯಮ್ಮ ಇಣುಕಿದಾಗ ಅತ್ತಿಗೆ ನಾಯಿಯ ಬೆನ್ನ ಮೇಲೆ ಕೈಹಾಕಿ, ಬಾಯಿ ತೆರೆದು, ಹಸುಗೂಸಿನಂತೆ ನಿದ್ದೆಹೋಗಿದ್ದಳು.