ಮೂರನೇ ಕೀ

ನಮ್ಮ ಬಿಳಿಗೆರೆಯಲ್ಲಿ ನನಗೆ ಗೊತ್ತಾಗದೆ ಒಂದು ತೆಂಗಿನಕಾಯಿಯೂ ಉದುರುವುದಿಲ್ಲ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿದೆ. ಮಧ್ಯಾಹ್ನ ಉಂಡು ಮಲಗಿದೆನೆಂದರೆ ತೋಟಕ್ಕೆ ತೋಟವೇ ಉರುಳಿದರೂ ನನಗೆ ಎಚ್ಚರವಾಗದು. ಅದಕ್ಕೇ ಮೊನ್ನೆ ಅಂಗಳದಲ್ಲಿ ನನ್ನ ಎದೆ ಒಡೆದು ಎರಡು ಹೋಳಾಗಿದ್ದು.

ಮಗ ಯೋಗೀಶನ ಕಾರಿನ ಕೀ ತೊಟ್ಟಿಯ ನೀರಿಗೆ ಬಿದ್ದು ಕೆಟ್ಟಿತ್ತು. ಹೊಸದು ಮಾಡಿಕೊಡಲು ತಿಪಟೂರಿನಿಂದ ಬಂದ ಉಜ್ವಲ್, ಸ್ಟಿಯರಿಂಗ್ ಕೆಳಗೆ ವೈರು ಸಿಕ್ಕಿಸಿ ತನ್ನ ಮಿಷಿನ್ ನೋಡಿದ.

“ಸಾರ್, ಇರೋ ಕೀ ಎಲ್ಲಾ ತಂದಿಡಿ. ಈಗ ಗಾಡಿಗೆ ತೋರಿಸ್ದೆ ಇದ್ರೆ ಆಮೇಲೆ ಆ ಕೀಗೆ ಸ್ಟಾರ್ಟೇ ಆಗಲ್ಲ.”

“ಇರೋದೇ ಎರಡು ಕಣಪ್ಪ. ಸತ್ತಿದ್ದೊಂದು, ಇದೊಂದು.”

“ಗಾಡಿ ಮೂರು ಕೀ ಅಂತ ತೋರಿಸ್ತೈತಲ್ಲಾ ಸಾರ್!”

ಯೋಗೀಶನ ಮುಖ ಸುಣ್ಣವಾಯಿತು. “ಮೂರಾ? ನಾನು ಕೊಬ್ಬರಿ ಹರಾಜಿಗೆ ಲಾರೀಲಿ ಹೋದ್ರೆ ಕಾರು ಇಲ್ಲೇ ನಿಂತಿರ್ತದೆ. ಯಾವ ಕಳ್ಳನ್ಲಾ ಅವ್ನು? ಅಳಿಸಾಕು ಅದನ್ನ!”

ತಾಲ್ಲೂಕಿನ ಕಳ್ಳರೆಲ್ಲ ನಮ್ಮ ಅಟ್ಟದ ಮೇಲೆ ಕುಳಿತು ಕೊಬ್ಬರಿ ಮೆಲ್ಲುತ್ತಿದ್ದಾರೆ ಎನಿಸಿ ನಾನು ಅಂಗಳದ ಪೊರಕೆ ಎತ್ತಿಕೊಂಡೆ. ಅಷ್ಟರಲ್ಲಿ ಸೊಸೆ ಪವಿತ್ರಾ ಒಳಗಿನಿಂದ ಬಂದು ಬಾನೆಟ್ಟಿನ ಮೇಲೆ ಒಂದು ಕೀ ಇಟ್ಟಳು.

“ಕಳ್ಳ ಅಲ್ಲ ಕಣ್ರೀ, ನಾನು. ನಿಮಗೆ ಡೆಂಗಿ ಜ್ವರ ಏರಿ ಮಾತೇ ನಿಂತಾಗ ಕಾರು ಬಾಗಿಲಲ್ಲೇ ಇತ್ತು, ಓಡ್ಸೋರು ಇರ್ಲಿಲ್ಲ. ಆಟೋ ಬರೋಗಂಟ ನಿಮ್ಮ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆ. ನೀವು ಆಸ್ಪತ್ರೇಲಿದ್ದಾಗ್ಲೇ ಇದನ್ನ ಮಾಡಿಸ್ದೆ. ನೀವು ಹರಾಜಿಗೆ ಹೋದಾಗೆಲ್ಲ ಅತ್ತೆ ಮಲಗಿದ ಮೇಲೆ ತೋಟದಲ್ಲೇ ಕಲ್ತೆ. ಲೈಸೆನ್ಸೂ ಆಗೈತೆ.”

“ಅಯ್ಯೋ ಶಿವನೇ! ಕಾರಿನ ಮೈ ಗೀರಿದ್ದು ನಮ್ಮ ಕರು ಅಂತ ಆ ಮೂಕಪ್ರಾಣಿಗೆ ಬೈದಿದ್ನಲ್ಲೇ!” ಎಂದೆ ನಾನು.

“ಅದೂ ನಾನೇ ಅತ್ತೆ. ತೆಂಗಿನಮರಕ್ಕೆ ತಾಗಿಸ್ಬುಟ್ಟೆ.”

ಯೋಗೀಶ ಬಾಯಿ ತೆರೆದ. ತೆರೆದ ಬಾಯೊಳಗೆ ಒಂದು ಇಡೀ ಕೊಬ್ಬರಿ ಹಿಡಿಯುತ್ತಿತ್ತು. ಪವಿತ್ರಾ ಅವನ ಮುಖವನ್ನೇ ನೋಡುತ್ತಿದ್ದಳು. ಸೆರಗಿನ ತುದಿ ಅವಳ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

“ಈ ಮೂರನೇದು ಏನ್ ಮಾಡ್ಲಿ ಸಾರ್?” ಎಂದ ಉಜ್ವಲ್.

ಯೋಗೀಶ ಕಾರನ್ನು ಒಂದು ಸುತ್ತು ಹಾಕಿದ. ಡ್ರೈವರ್ ಸೀಟು ಬಿಟ್ಟು ಎಡಗಡೆಯ ಬಾಗಿಲು ತೆಗೆದು ಕುಳಿತ. ಬೆಲ್ಟು ಎಳೆದುಕೊಂಡು, ಉಜ್ವಲ್ ಕಡೆ ತಿರುಗಿ ಒಂದೇ ಒಂದು ಮಾತು ಹೇಳಿದ.

ಏನು ಹೇಳಿರಬಹುದು? ನೀವೇ ಹೇಳಿ ನೋಡೋಣ.