ಆಡಿಲ್ಲದ ಸಾರು

ಯೂಡೀನ್ ಚರ್ಚಿನ ಹಿತ್ತಲಲ್ಲಿ ಲವಂಗ ಕುಟ್ಟುತ್ತಿದ್ದಾಗ ಹಕ್ಕಿಗಳ ಸದ್ದು ನಿಂತಿತು. ತಲೆಯೆತ್ತಿ ನೋಡಿದಳು. ದಕ್ಷಿಣದಲ್ಲಿ ಬೆಟ್ಟದ ನೆತ್ತಿಯಿಂದ ಹೂಕೋಸಿನಂಥ ಕಪ್ಪು ಮೋಡವೊಂದು ಏಳುತ್ತಿತ್ತು. ಏಳುತ್ತಲೇ ಇತ್ತು. ಒಂದಿಷ್ಟೂ ಸದ್ದಿರಲಿಲ್ಲ. ಮಾಂಟ್ಸೆರಾಟ್ ದ್ವೀಪದವರಿಗೆ ಆ ಜ್ವಾಲಾಮುಖಿ ಬೆಟ್ಟದ ಸಿಡುಕು ಎರಡು ವರ್ಷದಿಂದ ರೂಢಿಯಾಗಿತ್ತು, ಆದರೆ ಅರ್ಧ ಆಕಾಶವನ್ನೇ ನುಂಗುವ ಮೋಡವನ್ನು ಯೂಡೀನ್ ಕಂಡಿರಲಿಲ್ಲ. ಗಂಡ ನೋರಿಸ್ ಆ ಬೆಟ್ಟದ ಬುಡದಲ್ಲಿದ್ದ.

ನಸುಕಿನಲ್ಲೇ ಅವನು ಪೊಲೀಸರ ತಡೆ ದಾಟಿ, ಸರ್ಕಾರ ಖಾಲಿ ಮಾಡಿಸಿದ ತಮ್ಮ ಹಳ್ಳಿಗೆ ಹೋಗಿದ್ದ. ಸಂಜೆ ನಾಲ್ಕಕ್ಕೆ ಮಗಳ ಮದುವೆ. ಆ ದ್ವೀಪದಲ್ಲಿ ಗೋಟ್ ವಾಟರ್ ಇಲ್ಲದೆ ಮದುವೆಯಿಲ್ಲ. ಹೆಸರಿಗಷ್ಟೇ ನೀರು, ಮೂಳೆಸಮೇತ ಆಡಿನ ಮಾಂಸ, ಲವಂಗ, ಜಾಪತ್ರೆ, ದೀವಿಹಲಸು ಹಾಕಿ ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿದ ಸಾರು ಅದು. ದಕ್ಷಿಣದ ಜನವೆಲ್ಲ ಬಂದು ಉತ್ತರದ ಚರ್ಚು, ಶಾಲೆಗಳಲ್ಲಿ ತುಂಬಿಕೊಂಡ ಮೇಲೆ ಇಲ್ಲಿನ ಆಡುಗಳೆಲ್ಲ ಮುಗಿದಿದ್ದವು. ಗಂಡಿನ ತಂದೆ ಕ್ಲೆಮೆಂಟ್ ಕಟುಕ. ಅವನ ಚೂರಿಗೂ ಎರಡು ತಿಂಗಳಿಂದ ಕೆಲಸವಿರಲಿಲ್ಲ. "ನಾಳೆ ಬೀಗರು ನಮಗೆ ಬರೀ ಬಿಸಿನೀರು ಬಡಿಸ್ತಾರಂತೆ" ಎಂದು ಅವನು ಹಿಂದಿನ ದಿನ ಎಲ್ಲರೆದುರು ನಕ್ಕಿದ್ದ. ನೋರಿಸ್ ನಕ್ಕಿರಲಿಲ್ಲ. ಹಳ್ಳಿಯಲ್ಲಿ ಬಿಟ್ಟುಬಂದ ಆಡು ಇನ್ನೂ ಬದುಕಿರಬಹುದು ಎಂದಷ್ಟೇ ಅಂದಿದ್ದ.

ಈಗ ಅದೇ ಕ್ಲೆಮೆಂಟ್ ಚರ್ಚಿನ ಹಿತ್ತಲಿಗೆ ಏದುಸಿರು ಬಿಡುತ್ತಾ ಬಂದ.

"ಬೀಗರು ಬಂದ್ರಾ?"

"ಇಲ್ಲ."

"ನಾನಾಡಿದ ಮಾತಿಗೆ ಹೋದ್ರು."

"ಈಗ ಅದನ್ನ ಕಟ್ಕೊಂಡು ಏನು ಮಾಡೋದು? ಆ ತಗಡು ಹಿಡೀರಿ. ಹಂಡೆಗೆ ಬೂದಿ ಬೀಳುತ್ತೆ."

"ಇನ್ನೂ ಅಡುಗೆ ಮಾಡ್ತೀರಾ?"

"ಒಲೆ ಆರಿಸಿದ್ರೆ ಅವನು ಬರಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ."

ಅಷ್ಟರಲ್ಲಿ ನಡುಮಧ್ಯಾಹ್ನ ಕತ್ತಲಾಯಿತು. ಚಾಚಿದ ಕೈ ಕಾಣದಂಥ ಕತ್ತಲು. ಚರ್ಚಿನ ಸೂರಿನ ಮೇಲೆ ಕಲ್ಲಿನ ಹರಳುಗಳು ಪಟಪಟನೆ ಉದುರಿದವು. ಒಳಗೆ ಯಾರೋ ಪ್ರಾರ್ಥನೆ ಶುರುಮಾಡಿದರು. ಕ್ಲೆಮೆಂಟ್ ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು, ಟಾರ್ಚ್ ಹಿಡಿದು, ಹೇಳದೆ ಕೇಳದೆ ದಕ್ಷಿಣದ ರಸ್ತೆಗಿಳಿದ. ಯೂಡೀನ್ ಒಲೆಗೆ ಸೌದೆ ಒಟ್ಟಿದಳು.

ಎರಡು ಗಂಟೆ ಕಳೆದು ಬೆಳಕು ಹಳದಿಯಾಗಿ ಮರಳಿದಾಗ ರಸ್ತೆಯಲ್ಲಿ ಮೂರು ಬೂದಿಬೊಂಬೆಗಳು ಬರುತ್ತಿದ್ದವು. ಎರಡಕ್ಕೆ ಎರಡೆರಡು ಕಾಲು, ಒಂದಕ್ಕೆ ನಾಲ್ಕು. ಯೂಡೀನ್ ಓಡಲಿಲ್ಲ. ಗಂಡ ಹತ್ತಿರ ಬಂದ ಮೇಲೆ ಏಪ್ರನ್ನಿನಿಂದ ಅವನ ಕಣ್ಣು, ಬಾಯಿ ಒರೆಸಿ, ನೀರು ಕುಡಿಸಿದಳು.

"ಹೇಳು," ಎಂದಳು.

"ಕಮರಿ ದಾರೀಲೇ ಬರ್ತಾ ಇದ್ದೆ," ಎಂದ ನೋರಿಸ್. "ಸೇತುವೆ ಹತ್ರ ಇದು ನಿಂತುಬಿಡ್ತು. ಎಳೆದೆ, ಬೈದೆ, ಕೋಲಲ್ಲಿ ಹೊಡೆದೆ. ಹಗ್ಗ ಕಿತ್ಕೊಂಡು ಗುಡ್ಡ ಹತ್ತಿಬಿಡ್ತು. ಮಗಳ ಮದುವೆ ಕೆಡಿಸ್ತಿ ಏನೇ ಅಂತ ನಾನೂ ಹಿಂದೆ ಹತ್ತಿದೆ. ಮೇಲೆ ಹೋಗಿ ಕೊಂಬು ಹಿಡ್ಕೊಂಡು ತಿರುಗಿದ್ರೆ..." ಅವನು ಇನ್ನೊಂದು ಗುಟುಕು ನೀರು ಕುಡಿದ. "ಕೆಳಗೆ ಸೇತುವೆ ಇಲ್ಲ. ಕಮರೀನೂ ಇಲ್ಲ, ಬಿಸಿಬೂದಿ ತುಂಬಿಬಿಟ್ಟಿದೆ."

ಹಿತ್ತಲಿನಲ್ಲಿ ಜನ ಸೇರಿತ್ತು. ಆಡು ಬೂದಿ ಕೊಡವಿಕೊಂಡು ಸೀನಿತು. ಅದರ ಬೆನ್ನ ಮೇಲೆ ಕೋಲಿನ ಬಾಸುಂಡೆ ಕಾಣಿಸಿತು. ಎಲ್ಲರ ಕಣ್ಣೂ ಕ್ಲೆಮೆಂಟ್‌ನ ಸೊಂಟದ ಚೂರಿಯ ಮೇಲಿತ್ತು. ಗಂಟೆ ಎರಡೂಮುಕ್ಕಾಲು.

ಕ್ಲೆಮೆಂಟ್ ಆಡಿನ ಮುಂದೆ ಮಂಡಿಯೂರಿದ. ಅದರ ಗದ್ದ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಚೂರಿಯನ್ನು ಬಿಚ್ಚಿ ಯೂಡೀನಳ ಕೈಗಿಟ್ಟ.

"ನಲವತ್ತು ವರ್ಷದಿಂದ ಕಡೀತಿದೀನಿ, ಬೀಗಿತ್ತಿ. ಇದನ್ನ ಕಡಿಯೋ ಕೈ ನಂದಲ್ಲ."

"ಹಾಗಾದ್ರೆ ಹಂಡೆಗೆ ಏನು ಹಾಕ್ಲಿ?"

"ಮಿಕ್ಕಿದ್ದೆಲ್ಲ ಹಾಕಿ. ಕೇಳೋರು ಇದ್ರೆ ನನ್ನ ಹತ್ರ ಕಳ್ಸಿ."

ಯೂಡೀನ್ ಅದೇ ಚೂರಿಯಿಂದ ದೀವಿಹಲಸು ಸೀಳಿದಳು. ಈರುಳ್ಳಿ ಕೆಂಪಗೆ ಹುರಿದು, ಲವಂಗ, ಜಾಪತ್ರೆ, ಹಿಟ್ಟಿನ ಉಂಡೆ ಹಾಕಿ, ಕೊನೆಗೆ ಒಂದು ಬಟ್ಟಲು ರಮ್ ಸುರಿದಳು. ಪಾದ್ರಿ ಬೂದಿ ಕೊಡವಿದ ಬೈಬಲಿನಿಂದ ಓದಿ ಮದುವೆ ಮಾಡಿಸಿದರು. ಆಮೇಲೆ ನೂರಿಪ್ಪತ್ತು ಜನ ಬ್ರೆಡ್ಡನ್ನು ಲೋಟದ ಸಾರಿನಲ್ಲಿ ಅದ್ದಿ ಅದ್ದಿ ತಿಂದರು. ಮಾಂಸವೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಒಬ್ಬ ಮುದುಕಿ ಮಾತ್ರ, ತನ್ನ ಮದುವೆಯಲ್ಲೂ ಇಂಥ ಸಾರು ಕುಡಿದಿರಲಿಲ್ಲ ಎಂದು ಮೂರನೇ ಲೋಟ ಕೇಳಿದಳು.

ನೋರಿಸ್ ತನ್ನ ಲೋಟ ಮುಟ್ಟಿರಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ದಕ್ಷಿಣಕ್ಕೆ ಮುಖಮಾಡಿ ಕೂತಿದ್ದ. ಯೂಡೀನ್ ಬಂದು ಪಕ್ಕದಲ್ಲಿ ಕೂತಳು.

"ನಮ್ಮ ಮನೆ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಮತ್ತೇನು ಕಂಡೆ? ನೀನು ಏನೋ ಹೇಳದೆ ಇಟ್ಕೊಂಡಿದೀಯ."

"ಬೆಟ್ಟ ಕಡಲಿಗೆ ನಡೆದು ಹೋಯ್ತು, ಯೂಡೀನ್. ಕಡಲು ಕುದೀತು, ಹಿಂದೆ ಸರೀತು. ನಾವು ಮೀನು ಹಿಡೀತಿದ್ದ ಕಡೆ ಈಗ ನೆಲ ಇದೆ. ಹೊಚ್ಚಹೊಸದು, ಇನ್ನೂ ಹೊಗೆಯಾಡ್ತಿದೆ." ಅವನು ದನಿ ತಗ್ಗಿಸಿದ. "ಆ ನೆಲಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ."